ಹೊಳೆಮತ್ತಿಯ ತೊಗಟೆ ಎದೆಗೆ ಮದ್ದೇ?

ತೆಲಂಗಾಣದ ವಿಕಾರಾಬಾದಿನಿಂದ ತಾಂಡೂರಿಗೆ ಹೋಗುವ ದಾರಿಯಲ್ಲಿ, ಅನಂತಗಿರಿ ಬೆಟ್ಟಗಳಿಗೆ ಸಮೀಪವಾಗಿ ಧಾರೂರು ಇದೆ. ಈ ಸೀಮೆಯ ಕಾಗಿಣಾ ನದಿ ತಾಂಡೂರಿನ ಬಳಿ ಹಾದು ಕರ್ನಾಟಕವನ್ನು ಹೊಕ್ಕು, ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡವನ್ನು ಮುಟ್ಟಿ ಭೀಮೆಯನ್ನು ಸೇರುತ್ತದೆ. ನಮಗೆ ಮಲೆಯಾಳ ಹೇಗೋ ಆ ಗಡಿಯ ಕನ್ನಡಿಗರಿಗೆ ತೆಲುಗು ಹಾಗೆ. ಆದರೆ ಮರಗಳ ಹೆಸರಿಗೆ ಗಡಿಯ ತಂಟೆಯಿಲ್ಲ. ನೀರಿನ ದಂಡೆಯಲ್ಲಿ ಬೆಳೆಯುವ ಅರ್ಜುನ ವೃಕ್ಷ ಕನ್ನಡದಲ್ಲಿ ಹೊಳೆಮತ್ತಿ, ತೆಲುಗಿನಲ್ಲಿ ಏರುಮದ್ದಿ. ಏರು ಎಂದರೂ ಹೊಳೆಯೇ. ಮಲೆಯಾಳದಲ್ಲಿ ಅದೇ ನೀರ್‌ಮರುತ್.

ಇದರ ತೊಗಟೆ ಹೃದ್ರೋಗಕ್ಕೆ ಮದ್ದೆಂಬ ನಂಬಿಕೆ ಬಹಳ ಹಳೆಯದು. ವಾಗ್ಭಟನೂ ಚಕ್ರದತ್ತನೂ ಇದನ್ನು ಹೇಳಿದ್ದಾರೆ. ತೊಗಟೆಯನ್ನು ಹಾಲುನೀರಿನಲ್ಲಿ ಕುದಿಸಿ, ನೀರು ಇಂಗಿ ಹಾಲು ಉಳಿದಾಗ ಸೋಸಿ ಕುಡಿಸುವುದು ಕ್ರಮ. ಹಿರಿಯರು ಹೇಳಿದ್ದನ್ನು ಪರೀಕ್ಷಿಸುವುದು ಅವರಿಗೆ ಅವಮಾನವೆಂದು ಕೆಲವರು ತಿಳಿಯುವುದುಂಟು. ಮಳಖೇಡದ ಅಮೋಘವರ್ಷನ ಆಸ್ಥಾನದಲ್ಲಿ ವೈದ್ಯ ಉಗ್ರಾದಿತ್ಯನು ಮಾಂಸ ಸೇರಿದ ಔಷಧಗಳ ವಿರುದ್ಧ ವಾದಿಸಿದನೆಂದು ಅವನ ‘ಕಲ್ಯಾಣಕಾರಕ’ವೇ ಹೇಳುತ್ತದೆ. ಮದ್ದನ್ನು ವಾದಕ್ಕೆ ಒಡ್ಡುವುದು ನಮ್ಮವರಿಗೆ ಹೊಸತಲ್ಲ.

ಹೊಳೆಮತ್ತಿಯ ತೊಗಟೆ 1920ರ ದಶಕದಲ್ಲೇ ಕಲ್ಕತ್ತೆಯ ಪ್ರಯೋಗಶಾಲೆಯನ್ನು ಸೇರಿತ್ತು. ಆದರೆ ರೋಗಿಗಳ ಮೇಲೆ ನಡೆದ ಪರೀಕ್ಷೆಗಳಲ್ಲಿ ಎರಡು ಮುಖ್ಯ. ಮೊದಲನೆಯದು ಇಂದೋರಿನದು, 1995ರಲ್ಲಿ ಪ್ರಕಟವಾಯಿತು. ಬೇರೆ ಔಷಧಗಳಿಗೆ ಬಗ್ಗದ ಹೃದಯ ವೈಫಲ್ಯದ 12 ಮಂದಿಗೆ, ಅವರು ಸೇವಿಸುತ್ತಿದ್ದ ಮದ್ದಿನ ಜತೆಗೆ, ಎಂಟು ಗಂಟೆಗೊಮ್ಮೆ 500 ಮಿಲಿಗ್ರಾಂ ತೊಗಟೆಯ ಸಾರವನ್ನು ಎರಡು ವಾರ ಕೊಟ್ಟರು. ಇನ್ನೆರಡು ವಾರ ನೋಡಲು ಅಂಥದ್ದೇ ಆದ ಹುಸಿಮದ್ದು. ಯಾವುದು ಯಾವುದೆಂದು ರೋಗಿಗೂ ಗೊತ್ತಿಲ್ಲ, ಕೊಡುವವರಿಗೂ ಗೊತ್ತಿಲ್ಲ. ಮದ್ದು ಕುಡಿದೆನೆಂಬ ಸಮಾಧಾನದಿಂದಲೇ ಅರ್ಧ ಗುಣ ಕಾಣುವುದು ನಾವೆಲ್ಲ ಬಲ್ಲ ಸಂಗತಿಯಷ್ಟೆ. ಅದನ್ನು ಕಳೆದು ಮಿಕ್ಕದ್ದನ್ನು ನೋಡುವ ಉಪಾಯವಿದು. ಸಾರ ಸೇವಿಸಿದಾಗ ರೋಗಿಗಳು ಚೇತರಿಸಿದರು, ಹೃದಯ ಹೊರದೂಡುವ ರಕ್ತದ ಪ್ರಮಾಣವೂ ಹೆಚ್ಚಿತು. ಮತ್ತಿಯ ಚೂರ್ಣ, ಮಾತ್ರೆಗಳ ಪ್ರಚಾರಕ್ಕೆ ಇಷ್ಟೇ ಸಾಕಾಯಿತು.

ಆದರೆ 12 ಮಂದಿ ಎಂದರೆ ಒಂದು ಜೀಪಿನ ಪ್ರಯಾಣಿಕರು! ದೆಹಲಿಯ ಅಖಿಲ ಭಾರತ ವೈದ್ಯ ವಿಜ್ಞಾನ ಸಂಸ್ಥೆಯ ಡಾ. ಮೌಲಿಕ್ ಮತ್ತು ಸಂಗಡಿಗರು 100 ಮಂದಿ ಹೃದಯ ವೈಫಲ್ಯದ ರೋಗಿಗಳನ್ನು ಆರಿಸಿದರು. ನೀರಿನಲ್ಲಿ ತೆಗೆದ ತೊಗಟೆಯ ಸಾರ 750 ಮಿಲಿಗ್ರಾಂ, ದಿನಕ್ಕೆರಡು ಸಲ, 12 ವಾರ; ಇಲ್ಲಿಯೂ ಕೆಲವರಿಗೆ ಹುಸಿಮದ್ದು. ಹೃದಯದ ಎಡ ಕೋಣೆ ಪ್ರತಿ ಬಡಿತಕ್ಕೆ ತನ್ನಲ್ಲಿರುವ ರಕ್ತದ ಎಷ್ಟು ಪಾಲನ್ನು ಹೊರದೂಡುತ್ತದೆ ಎಂಬುದೇ ಅಳತೆಗೋಲು. 2016ರಲ್ಲಿ ಫಲಿತಾಂಶ ಹೊರಬಂತು: ಆ ಪಾಲು ಹೆಚ್ಚಲಿಲ್ಲ.

ಹಾಗಾದರೆ ಹಿರಿಯರ ಮಾತು ಸುಳ್ಳೇ? ಅಷ್ಟು ದೂರ ಹೋಗಬೇಕಾಗಿಲ್ಲ. ಅಳೆದದ್ದು ನೀರಿನ ಸಾರವನ್ನು, ಹಾಲಿನ ಕಷಾಯವನ್ನಲ್ಲ. ಕಾಲವೂ ಮೂರೇ ತಿಂಗಳು. ಆದರೆ ಗುಣ ಸಿದ್ಧವಾಯಿತೆಂದು ಹೇಳಲು ಯಾರಿಗೂ ಆಧಾರವಿಲ್ಲ. ಎರಡೂ ಕಡೆ ರೋಗಿಗಳು ವೈದ್ಯರ ಮದ್ದನ್ನು ನಿಲ್ಲಿಸಿರಲಿಲ್ಲ ಎಂಬುದನ್ನು ಮಾತ್ರ ಪ್ರಚಾರದ ಚೀಟಿಗಳು ಹೇಳುವುದೇ ಇಲ್ಲ. ಕಷಾಯ ಸಿಕ್ಕಿತೆಂದು ಗುಳಿಗೆ ಬಿಟ್ಟವನಿಗೆ ಕಾಲಲ್ಲಿ ಬಾವು, ಮಲಗಿದರೆ ಏದುಸಿರು ಬರಲು ಹೆಚ್ಚು ದಿನ ಬೇಡ.

ಮರದ ಗುರುತೂ ಒಂದು ತೊಡಕೇ. ಮನೆ ಕಟ್ಟಲು ಬಳಸುವ ಕರಿಮತ್ತಿ ಬೇರೆ ಜಾತಿ. ಅದರ ತೊಗಟೆ ಮೊಸಳೆಯ ಬೆನ್ನಿನಂತೆ ಒಡೆದಿರುತ್ತದೆ. ಹೊಳೆಮತ್ತಿಯದು ನುಣುಪು, ಬೂದುಬಣ್ಣ, ಹಾಳೆಹಾಳೆಯಾಗಿ ಕಳಚುತ್ತದೆ. ಪುಡಿಯಾಗಿ ಪೊಟ್ಟಣ ಸೇರಿದ ಮೇಲೆ ಈ ಗುರುತು ಉಳಿಯುವುದಿಲ್ಲ. ಕುಡಿಯಲೇಬೇಕೆನ್ನುವವರು ಆ ಪೊಟ್ಟಣವನ್ನೂ ನುಂಗುತ್ತಿರುವ ಗುಳಿಗೆಗಳ ಚೀಟಿಯನ್ನೂ ಒಟ್ಟಿಗೆ ವೈದ್ಯರ ಮುಂದಿಡುವುದು ಒಳ್ಳೆಯದು. ಮರದಿಂದ ತಾವೇ ಕೀಳುವವರು ಕಾಂಡದ ಸುತ್ತ ಪೂರ್ತಿ ಸುಲಿಯಬಾರದು. ಸುಲಿದರೆ ಮರ ಒಣಗುತ್ತದೆ.