ಚಾಕಲೇಟ್ ಮಾಡುವ ಮೊದಲು ಕರದಂಟಿನ ಲೆಕ್ಕ



ಈ ವರ್ಷ ಬಂದ ವಿದ್ಯಾರ್ಥಿವೇತನದ ಅರ್ಜಿಗಳಲ್ಲಿ ಒಂದನ್ನು ನಾವು ಎರಡು ಸಲ ಓದಿದೆವು. ಆಹಾರ ತಂತ್ರಜ್ಞಾನ ಓದುತ್ತಿರುವ ಹುಡುಗಿ, ಪದವಿ ಮುಗಿದ ಮೇಲೆ ಮನೆಯಲ್ಲೇ ಚಾಕಲೇಟ್ ಮಾಡಿ ಮಾರುವೆನೆಂದು ಬರೆದಿದ್ದಾಳೆ. ತಂದೆ ಸಾಲ ತೆಗೆಯಲು ತಯಾರಿದ್ದಾರಂತೆ. ಸಹಿ ಹಾಕುವ ಮೊದಲು ಈ ಕಸುಬಿನ ಒಳಗುಟ್ಟು ತಿಳಿದಿರಲಿ ಎಂದು ಇದನ್ನು ಬರೆಯುತ್ತಿದ್ದೇವೆ.

ಕೋಕೋ ಬೆಣ್ಣೆ ಸುಮಾರು 34 ಡಿಗ್ರಿಗೆ ಕರಗುತ್ತದೆ. ನಮ್ಮ ಜಿಲ್ಲೆಯ ಬೇಸಿಗೆ 40 ದಾಟುತ್ತದೆ. ಕರಗಿ ಮತ್ತೆ ಗಟ್ಟಿಯಾದ ಚಾಕಲೇಟಿನ ಮೇಲೆ ಬೂದಿ ಬಣ್ಣದ ಪದರ ಬರುತ್ತದೆ. ತಿಂದರೆ ತೊಂದರೆಯಿಲ್ಲ, ಆದರೆ ಗಿರಾಕಿ ಮುಟ್ಟುವುದಿಲ್ಲ. ತಂಪು ಕೋಣೆಯ ಕರೆಂಟ್ ಬಿಲ್ಲು ತಿಂಗಳು ತಿಂಗಳು ತಪ್ಪದು. ಕೋಕೋ ಕೂಡ ಇಲ್ಲಿಯ ಬೆಳೆಯಲ್ಲ, ಕರಾವಳಿಯ ಅಡಿಕೆ ತೋಟದ್ದು. ಅಲ್ಲಿಯ ಬೆಳೆಗಾರರು 1973ರಲ್ಲಿ ಕ್ಯಾಂಪ್ಕೋ ಸಹಕಾರಿ ಕಟ್ಟಿ, 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟ್ ಕಾರ್ಖಾನೆ ತೆರೆದರು. ಚಿಕ್ಕದಾಗಿ ಮಾಡಲು ಬರುವುದಿಲ್ಲವೆಂದಲ್ಲ. ಮೈಸೂರಿನ ನವಿಲುನಾದವರು ನಮ್ಮ ದೇಶದ ಕೋಕೋ ಬೀಜದಿಂದಲೇ ಮಾಡುತ್ತಾರೆ. ಆದರೆ ಮೈಸೂರಿನ ಹವೆ ಬೇರೆ.

ನಮ್ಮ ಪಕ್ಕದಲ್ಲೇ ಅಮೀನಗಡವಿದೆ. ಅಲ್ಲಿ ಸಾವಳಿಗೆಪ್ಪ ಐಹೊಳ್ಳಿಯವರು 1907ರಲ್ಲಿ ಶುರುಮಾಡಿದ ಕರದಂಟಿನ ಅಂಗಡಿಯ ಹೆಸರು ಇಂದಿಗೂ ನಡೆಯುತ್ತಿದೆ. ಕರಿದ ಅಂಟು, ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ, ಬಾದಾಮಿ, ಬೆಲ್ಲದ ಪಾಕ. ಅಂಟು ತುಪ್ಪದಲ್ಲಿ ಪೂರ್ತಿ ಅರಳಬೇಕು, ಇಲ್ಲದಿದ್ದರೆ ಹಲ್ಲಿಗೆ ಅಂಟುತ್ತದೆ. ಪಾಕ ಎಳೆಯದಾದರೆ ಬೇಗ ಕೆಡುತ್ತದೆ, ಏರಿದರೆ ಕಲ್ಲಾಗುತ್ತದೆ. ಕೊಬ್ಬರಿ ಹಳೆಯದಾದರೆ ಕಮಟು ವಾಸನೆ ಹೊಡೆಯುತ್ತದೆ. ಇವಿಷ್ಟು ಸರಿಯಿದ್ದರೆ ಬಿಸಿಲಿನಲ್ಲೂ ಬಸ್ಸಿನಲ್ಲಿ ಬೆಂಗಳೂರು ಮುಟ್ಟುತ್ತದೆ. ಬಾಣಂತಿಯರಿಗೆ ಅಂಟಿನುಂಡಿ ಕಟ್ಟುವ ನಮ್ಮ ಮನೆಗಳ ಹೆಣ್ಣುಮಕ್ಕಳಿಗೆ ಈ ಅರ್ಧ ವಿದ್ಯೆ ಆಗಲೇ ಗೊತ್ತು!

ಗೊತ್ತಿಲ್ಲದ್ದು ಲೆಕ್ಕ. ಅಂಕಿಗಳು ಉದಾಹರಣೆಗೆ ಮಾತ್ರ: ಒಂದು ಕಿಲೋಕ್ಕೆ ಸಾಮಾನು ₹400, ಗ್ಯಾಸು ₹20, ಡಬ್ಬಿ ₹30, ಕೂಲಿ ₹60, ಒಟ್ಟು ₹510. ಮನೆಯವರ ಕೂಲಿಯನ್ನೂ ಹಿಡಿಯಲೇಬೇಕು. ಬಹಳ ಜನ ಬಿಡುವುದು ಇದನ್ನೇ. ₹700ಕ್ಕೆ ಮಾರಿದರೆ ಅಂಗಡಿಯವನ ನೂರಕ್ಕೆ ಇಪ್ಪತ್ತು ಕಳೆದು ಕೈಗೆ ₹560, ಉಳಿತಾಯ ₹50. ಇಪ್ಪತ್ತು ಕಿಲೋಕ್ಕೆ ಸಾವಿರ ರೂಪಾಯಿ. ಅದರಲ್ಲಿ ಎರಡೇ ಕಿಲೋ ಕೆಟ್ಟು ವಾಪಸ್ಸು ಬಂದರೆ ಲಾಭವೆಲ್ಲ ಹೋಗಿ ₹120 ನಷ್ಟ. ಆದ್ದರಿಂದ ಮೊದಲು ಐದು ಕಿಲೋ ಮಾಡಿ, ಎಷ್ಟು ದಿನ ಕೆಡದೆ ಇರುತ್ತದೆ ಎಂದು ಬರೆದಿಡಿ.

ಮನೆಯಲ್ಲೇ ಮಾಡಿದರೂ ಮಾರಾಟಕ್ಕೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಕೇಂದ್ರ ಸರಕಾರ 2020ರಲ್ಲಿ ಆರಂಭಿಸಿದ ಕಿರು ಆಹಾರ ಉದ್ದಿಮೆಗಳ ಯೋಜನೆಯಲ್ಲಿ ಶೇ. 35ರ, ಹೆಚ್ಚೆಂದರೆ 10 ಲಕ್ಷದ ಸಹಾಯಧನ ಇಟ್ಟಿದ್ದಾರೆ; ಅದು ಬ್ಯಾಂಕ್ ಸಾಲಕ್ಕೆ ಜೋಡಿಸಿದ್ದು. ಬಡ್ಡಿಗೆ ಹಿಂಜರಿಯುವ ಮನೆಯವರು ಇದನ್ನು ಮೊದಲೇ ಕೂತು ಮಾತಾಡಿಕೊಳ್ಳಲಿ. ದಾನಿಗಳು ಯಂತ್ರಕ್ಕಿಂತ ಮೊದಲ ಎರಡು ತಿಂಗಳ ಸಾಮಾನಿಗೆ ಬಡ್ಡಿಯಿಲ್ಲದ ಕೈಗಡ ಕೊಟ್ಟರೆ ಇಂಥವರಿಗೆ ಹೆಚ್ಚು ಆಸರೆಯಾದೀತು.

ಆ ಹುಡುಗಿಯ ವಿದ್ಯಾರ್ಥಿವೇತನಕ್ಕೆ ನಾವು ಶಿಫಾರಸು ಮಾಡಿದ್ದೇವೆ. ಸ್ವಂತ ಉದ್ಯೋಗದ ಆಸೆ ಬರೆಯುವವರು ಮುಂದಿನ ವರ್ಷ ಅರ್ಜಿಯೊಂದಿಗೆ ಇಂಥದೊಂದು ಲೆಕ್ಕದ ಹಾಳೆಯನ್ನೂ ಲಗತ್ತಿಸಬೇಕು.