ಮುಖ ನೋಡದ ಗರಗಸ

ಮದುವೆ ಮನೆಯಲ್ಲಿ ಎಲ್ಲರೂ ಸಾಲಾಗಿ ನಿಂತು ತೆಗೆಸಿಕೊಂಡ ಫೋಟೊವನ್ನು ಕಂಪ್ಯೂಟರಿಗೆ ಕೊಟ್ಟು, ಇದನ್ನು 300 ತುಂಡಿನ ಜಿಗ್ಸಾ ಪಜಲ್ ಮಾಡು ಎಂದರೆ ಅದಕ್ಕೆ ಹೆಚ್ಚು ಹೊತ್ತು ಬೇಡ. ಅಜ್ಜಿಯ ಒಂದು ಕಣ್ಣು ಒಂದು ತುಂಡಿಗೆ, ಇನ್ನೊಂದು ಪಕ್ಕದ್ದಕ್ಕೆ. ಮದುಮಗನ ಮೂಗು ಮೂರು ಪಾಲು. ಹಿಂದಿನ ಗೋಡೆಯ ಸ್ವಿಚ್ ಬೋರ್ಡಿಗೆ ಮಾತ್ರ ಇಡೀ ಒಂದು ತುಂಡು ಸಿಕ್ಕಿರುತ್ತದೆ. ಎಲ್ಲೆಲ್ಲಿ ಕತ್ತರಿಸಬೇಕೆಂದು ಲೆಕ್ಕ ಹಾಕುವಾಗ ಆ ಪ್ರೋಗ್ರಾಂ ಚಿತ್ರದ ಕಡೆ ತಿರುಗಿಯೂ ನೋಡಿರುವುದಿಲ್ಲ. ಈ ಆಟ ಹುಟ್ಟಿದ್ದು ಮಾತ್ರ ಚಿತ್ರವನ್ನು ಓದಿಕೊಂಡೇ ಗರಗಸ ಹಿಡಿದವರ ಕೈಯಲ್ಲಿ.

1760ರ ದಶಕದ ಲಂಡನ್. ಜಾನ್ ಸ್ಪಿಲ್ಸ್‌ಬರಿ ಎಂಬ ನಕ್ಷೆ ಕೆತ್ತನೆಗಾರ ಮುದ್ರಿತ ಭೂಪಟಗಳನ್ನು ತೆಳುವಾದ ಮಹಾಗನಿ ಹಲಗೆಗೆ ಅಂಟಿಸಿ, ದೇಶದೇಶಗಳ ಗಡಿಗುಂಟ ಸಣ್ಣ ಗರಗಸದಿಂದ ಕೊಯ್ದು ಮಾರತೊಡಗಿದ. ಸ್ಪೇನ್ ಒಂದು ತುಂಡು, ಫ್ರಾನ್ಸ್ ಇನ್ನೊಂದು. ಮಕ್ಕಳಿಗೆ ಭೂಗೋಳ ಕಲಿಸುವ ಸಾಧನ ಅದು. ಯಾರ ಪಕ್ಕ ಯಾರು ಎಂಬುದು ಕೈಗೇ ಗೊತ್ತಾಗುತ್ತಿತ್ತು. ಮೂರನೇ ಜಾರ್ಜ್ ದೊರೆಯ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಲೇಡಿ ಷಾರ್ಲೆಟ್ ಫಿಂಚ್ ಇಂಥ ನಕ್ಷೆಗಳನ್ನು ಇಟ್ಟುಕೊಂಡಿದ್ದ ಮರದ ಪೆಟ್ಟಿಗೆ ಇಂದಿಗೂ ಉಳಿದಿದೆ. ಜೇನ್ ಆಸ್ಟಿನ್ 1814ರಲ್ಲಿ ಪ್ರಕಟಿಸಿದ ‘ಮ್ಯಾನ್ಸ್‌ಫೀಲ್ಡ್ ಪಾರ್ಕ್’ ಕಾದಂಬರಿಯಲ್ಲಿ, ಯೂರೋಪಿನ ನಕ್ಷೆ ಜೋಡಿಸಲು ಬಾರದ ಬಡ ನೆಂಟರ ಹುಡುಗಿ ಫ್ಯಾನಿಯನ್ನು ಸಿರಿವಂತ ಅಕ್ಕಂದಿರು ಆಡಿಕೊಳ್ಳುತ್ತಾರೆ. ಪಜಲ್ ಬರುವುದು ಬಾರದಿರುವುದು ಅಷ್ಟು ಹೊತ್ತಿಗೆ ಅಂತಸ್ತಿನ ಮಾತಾಗಿಬಿಟ್ಟಿತ್ತು.

ಸ್ಪಿಲ್ಸ್‌ಬರಿ ಬಳಸಿದ್ದು ಮರದಲ್ಲಿ ಮರ ಕೂರಿಸುವ ಕುಸುರಿಯವರ ಗರಗಸ. ಮೈಸೂರಿನ ಬೀಟೆ ಮರದ ಕುಸುರಿ ಕೆಲಸದವರು ಇವತ್ತಿಗೂ ಬಣ್ಣ ಬಣ್ಣದ ಮರದ ಎಲೆ, ಹೂವು, ಆನೆಯ ಸೊಂಡಿಲನ್ನು ಅಂಥದೇ ನೂಲಿನಂಥ ಅಲಗಿನಿಂದ ಕೊಯ್ದು ಕೂರಿಸುತ್ತಾರೆ. ಅವರಿಗೆ ಪಜಲ್ ಮಾಡುವ ಯೋಚನೆ ಬರಲಿಲ್ಲ. ಜೋಡಿಸಿದ್ದನ್ನು ಮತ್ತೆ ಬಿಡಿಸುವ ದಡ್ಡತನ ಯಾವ ಕುಶಲಕರ್ಮಿಗೆ ಬೇಕು!

ನೂರೈವತ್ತು ವರ್ಷದ ಮೇಲೆ, 1908–09ರಲ್ಲಿ, ಅಮೆರಿಕದ ದೊಡ್ಡವರಿಗೆ ಈ ಹುಚ್ಚು ಹತ್ತಿತು. ಪಾರ್ಕರ್ ಬ್ರದರ್ಸ್ ಕಂಪನಿ 1909ರಲ್ಲಿ ಬೇರೆ ಆಟಗಳನ್ನೆಲ್ಲ ಬದಿಗಿಟ್ಟು ಇಡೀ ಕಾರ್ಖಾನೆಯನ್ನು ಪಜಲ್ ಕೊಯ್ಯುವುದಕ್ಕೆ ಹಚ್ಚಿತು. ಗರಗಸದ ಮುಂದೆ ಕೂತವರು ಹೆಂಗಸರು. ಬಣ್ಣ ಮುಗಿಯುವ ಗೆರೆಯಲ್ಲೇ ಕೊಯ್ಯುವುದು ಅವರ ಕೈಚಳಕ. ಕೆಂಪು ಹೆಂಚು ಮುಗಿದು ನೀಲಿ ಆಕಾಶ ಶುರುವಾಗುವ ಕಡೆಯೇ ತುಂಡು ಬೇರೆಯಾದರೆ, ಹೆಂಚಿನ ತುಂಡು ಕೈಗೆತ್ತಿಕೊಂಡವನಿಗೆ ಪಕ್ಕದಲ್ಲಿ ಏನು ಬರಬೇಕೆಂಬ ಸುಳಿವೇ ಇಲ್ಲ. ಸ್ಪಿಲ್ಸ್‌ಬರಿಯ ಗರಗಸ ಕಲಿಸಲು ಚಿತ್ರ ಓದುತ್ತಿತ್ತು, ಇವರದು ಯಾಮಾರಿಸಲು ಓದುತ್ತಿತ್ತು. ನನಗಂತೂ ಈ ಎರಡನೆಯದೇ ಹೆಚ್ಚು ಇಷ್ಟ.

ಆ ಓದು ನಿಂತಿದ್ದು ಬಡತನದ ಕಾಲದಲ್ಲಿ. 1930ರ ದಶಕದ ಮಹಾ ಆರ್ಥಿಕ ಕುಸಿತದ ಹೊತ್ತಿಗೆ ಮರದ ಬದಲು ರಟ್ಟು ಬಂತು, ಗರಗಸದ ಬದಲು ಅಚ್ಚು. ಉಕ್ಕಿನ ಪಟ್ಟಿಯ ಅಲಗುಗಳನ್ನು ಬಗ್ಗಿಸಿ ಪ್ಲೈವುಡ್ಡಿನಲ್ಲಿ ನೆಟ್ಟು, ರಟ್ಟಿನ ಮೇಲೆ ಒತ್ತಿದರೆ ಒಂದೇ ಏಟಿಗೆ ಇಡೀ ಪಜಲ್. ಪತ್ರಿಕೆ ಅಂಗಡಿಗಳಲ್ಲಿ ವಾರಕ್ಕೊಂದರಂತೆ 25 ಸೆಂಟಿಗೆ ಸಿಗುತ್ತಿತ್ತು. 1933ರ ಆರಂಭದಲ್ಲಿ ಅಮೆರಿಕದಲ್ಲಿ ವಾರಕ್ಕೆ ಒಂದು ಕೋಟಿ ಪಜಲ್ ಮಾರಾಟವಾದವು. ಕೆಲಸವಿಲ್ಲದವರಿಗೆ ಸಂಜೆ ಕಳೆಯಲು ಇಷ್ಟು ಅಗ್ಗದ ದಾರಿ ಬೇರೆ ಇರಲಿಲ್ಲ.

ಆದರೆ ಅಚ್ಚು ಮಾಡಿಸುವುದು ದುಬಾರಿ. ಹಾಗಾಗಿ ಒಂದೇ ಅಚ್ಚನ್ನು ಹತ್ತಾರು ಚಿತ್ರಗಳ ಮೇಲೆ ಒತ್ತುವುದು ರೂಢಿಯಾಯಿತು. ಇದರಿಂದ ಒಂದು ತಮಾಷೆಯೂ ಹುಟ್ಟಿತು: ಒಂದೇ ಕಂಪನಿಯ ಎರಡು ಪೆಟ್ಟಿಗೆ ತಂದರೆ ಒಂದರ ತುಂಡು ಇನ್ನೊಂದರಲ್ಲಿ ಸಲೀಸಾಗಿ ಕೂರಬಹುದು. ಟಿಮ್ ಕ್ಲೈನ್ ಎಂಬ ಅಮೆರಿಕದ ಕಲಾವಿದ ಇದನ್ನೇ ಹಿಡಿದುಕೊಂಡು, ಬೇರೆ ಬೇರೆ ಪಜಲ್‌ಗಳ ತುಂಡು ಬೆರೆಸಿ ವಿಚಿತ್ರ ಚಿತ್ರಗಳನ್ನು ಮಾಡಿದ್ದಾನೆ.

ನಮ್ಮದೇ ಚಿತ್ರವನ್ನು ಪಜಲ್ ಮಾಡಿಕೊಳ್ಳುವ ಅವಕಾಶ ಕಂಪ್ಯೂಟರಿನಲ್ಲಿ 1990ರ ದಶಕದ ಆರಂಭಕ್ಕೇ ಇತ್ತು. ಮೈಕ್ರೋಸಾಫ್ಟ್ ಆಗ ಮಾರುತ್ತಿದ್ದ ವಿಂಡೋಸ್ ಆಟಗಳ ಕಟ್ಟಿನಲ್ಲಿ ‘ಜಿಗ್‌ಸಾಡ್’ ಎಂಬುದೊಂದಿತ್ತು. ಅದಕ್ಕೆ ನಮಗೆ ಬೇಕಾದ ಬಿಟ್‌ಮ್ಯಾಪ್ ಚಿತ್ರ ಕೊಡಬಹುದಿತ್ತು. ಕೊಡುವುದೇನನ್ನು? ಫೋಟೊಗಳೆಲ್ಲ ಆಲ್ಬಮ್ಮಿನಲ್ಲಿದ್ದವು, ಸ್ಕ್ಯಾನರ್ ಇದ್ದ ಮನೆ ಎಲ್ಲೋ ಒಂದು. ಡಿಜಿಟಲ್ ಕ್ಯಾಮೆರಾ, ಅದರ ಬೆನ್ನಿಗೆ ಮೊಬೈಲ್ ಬಂದ ಮೇಲೆ ಫೋಟೊ ತಾನಾಗಿಯೇ ಕಂಪ್ಯೂಟರಿನೊಳಗೆ ಬಂದು ಕೂತಿತು. 2010ರ ಫೆಬ್ರುವರಿಯಲ್ಲಿ ಲಿನಕ್ಸಿನ ಕೆಡಿಇ ಆಟಗಳ ಜೊತೆ ಸೇರಿದ ‘ಪಲಪೆಲಿ’ ಇಂಥ ಉಚಿತ ತಂತ್ರಾಂಶ: ಯಾವ ಫೋಟೊ ಕೊಟ್ಟರೂ ಕತ್ತರಿಸುತ್ತದೆ, ತುಂಡುಗಳನ್ನು ಟೇಬಲ್ಲಿನ ಮೇಲೆ ಹರಡಿದಂತೆ ಹರಡುತ್ತದೆ. ಗಿಂಪ್‌ನಲ್ಲೂ ಜಿಗ್ಸಾ ಫಿಲ್ಟರ್ ಇದೆ. ಅದು ಫೋಟೊ ಮೇಲೆ ಕತ್ತರಿಸಿದ ಹಾಗೆ ಗೆರೆ ಎಳೆದು ಕೊಡುತ್ತದೆ, ಅಷ್ಟೇ. ಪ್ರಿಂಟ್ ತೆಗೆದು ಕತ್ತರಿ ಹಿಡಿದು ಕೂರುತ್ತೇನೆ ಎನ್ನುವವರ ತಾಳ್ಮೆ ದೊಡ್ಡದು.

ಒಳಗಿನ ಕೆಲಸ ನೋಡಲು ಚೆಂದ. ಅಡ್ಡಕ್ಕೆ 20, ಉದ್ದಕ್ಕೆ 15 ಎಂದು ಫೋಟೊವನ್ನು ಚೌಕಗಳಾಗಿ ಹಂಚಿದರೆ 300 ತುಂಡು. ಇಬ್ಬಿಬ್ಬರು ನೆರೆಯವರು ಹಂಚಿಕೊಳ್ಳುವ ಅಂಚುಗಳು 565. ಒಂದೊಂದು ಅಂಚಿಗೂ ಪ್ರೋಗ್ರಾಂ ನಾಣ್ಯ ಚಿಮ್ಮಿದಂತೆ ನಿರ್ಧರಿಸುತ್ತದೆ, ಗುಬುಟು ಈ ತುಂಡಿಗೋ ಆ ತುಂಡಿಗೋ ಎಂದು. ಒಂದಕ್ಕೆ ಗುಬುಟು ಬಂದರೆ ಇನ್ನೊಂದಕ್ಕೆ ಅದೇ ಅಳತೆಯ ಕುಳಿ. ಈ ಚಿಮ್ಮುವಿಕೆಯಿಂದ ಆಗಬಹುದಾದ ಜೋಡಣೆಗಳನ್ನು ಎಣಿಸಿದರೆ 171 ಅಂಕಿಗಳ ಸಂಖ್ಯೆ ಬರುತ್ತದೆ. ಗುಬುಟಿನ ಬಾಗನ್ನು ಎಳೆಯಲು ಸಾಮಾನ್ಯವಾಗಿ ಬಳಸುವುದು ಬೆಜಿಯೆ ವಕ್ರರೇಖೆ. 1960ರ ದಶಕದಲ್ಲಿ ಫ್ರಾನ್ಸಿನ ರೆನೊ ಕಂಪನಿಯ ಎಂಜಿನಿಯರ್ ಪಿಯೆರ್ ಬೆಜಿಯೆ ಕಾರಿನ ಮೈ ವಿನ್ಯಾಸಕ್ಕೆಂದು ಬಳಕೆಗೆ ತಂದದ್ದು. ಸಿತ್ರೊಯೆನ್‌ನ ಪಾಲ್ ದ ಕಾಸ್ತೆಲ್ಜೊ ಅದರ ಗಣಿತವನ್ನು ಇನ್ನೂ ಮೊದಲೇ ಕಂಡುಕೊಂಡಿದ್ದ. ಗೆರೆಯ ಬಿಂದುಗಳನ್ನು ಚೂರುಪಾರು ಅತ್ತಿತ್ತ ಜರುಗಿಸಿದರೆ ಎರಡು ಗುಬುಟು ಒಂದೇ ಥರ ಇರುವುದಿಲ್ಲ. ಮೌಸಿನಿಂದ ಎಳೆದ ತುಂಡು ಸರಿಯಾದ ನೆರೆಯ ಹತ್ತಿರ ಕೆಲವು ಪಿಕ್ಸೆಲ್ ದೂರಕ್ಕೆ ಬಂದರೆ ಟಕ್ಕನೆ ಅಂಟಿಕೊಂಡು, ಆಮೇಲೆ ಎರಡೂ ಒಟ್ಟಿಗೇ ಚಲಿಸುತ್ತವೆ.

ಅಂದರೆ ಅಚ್ಚಿನ ಕಾಲದಲ್ಲಿ ಹೋಗಿದ್ದ ಒಂದು ಗುಣ ಹಿಂದಕ್ಕೆ ಬಂದಿದೆ: ಪ್ರತಿ ಫೋಟೊಗೂ ಅದರದ್ದೇ ಕೊಯ್ತ. ಚಿತ್ರ ನೋಡಿ ಕೊಯ್ಯುವ ಗುಣ ಮಾತ್ರ ಬಂದಿಲ್ಲ. ಅಮೆರಿಕದ ‘ನರ್ವಸ್ ಸಿಸ್ಟಮ್’ ಸ್ಟುಡಿಯೊ ಹರಳು ಬೆಳೆಯುವ ಬಗೆಯನ್ನು ಕಂಪ್ಯೂಟರಿನಲ್ಲಿ ಅನುಕರಿಸಿ, ಹವಳದ ಕೊಂಬೆಗಳಂತೆ ಹೆಣೆದುಕೊಳ್ಳುವ ತುಂಡುಗಳನ್ನು ಲೇಸರಿನಿಂದ ಕೊಯ್ಯುತ್ತದೆ. ಅಂಚೇ ಇಲ್ಲದ ಪಜಲ್ ಕೂಡ ಮಾಡಿದೆ. ನಮ್ಮೂರ ಗಿಫ್ಟ್ ಅಂಗಡಿಗಳಲ್ಲಿ ಫೋಟೊ ಪಜಲ್ ಎಂದು ಕೊಡುವುದರ ಕಥೆ ಇನ್ನೂ ಮಜ. ಮೊದಲೇ ಕತ್ತರಿಸಿಟ್ಟ ಬಿಳಿ ಹಲಗೆಯ ಮೇಲೆ ಬಿಸಿ ಒತ್ತಿ ಫೋಟೊ ಮೂಡಿಸುತ್ತಾರೆ. ಕೊಯ್ತ ಮೊದಲು, ಚಿತ್ರ ಆಮೇಲೆ!

ಗರಗಸ ನೋಡದಿದ್ದರೆ ನೋಡುವ ಕೆಲಸ ಫೋಟೊ ಆರಿಸುವವರದು. ಗೆರೆ ಮುಖದ ಮೇಲೆ ಹಾದರೆ ಎಡ ಅಂಚನ್ನು ಒಂದಿಷ್ಟು ಕ್ರಾಪ್ ಮಾಡಿ ಮತ್ತೆ ಕೊಡಿ, ಗೆರೆಗಳು ಜರುಗುತ್ತವೆ. ಜಾತ್ರೆಯ ಗುಂಪು, ಹೂವಿನ ಮಾರುಕಟ್ಟೆ, ರೇಷ್ಮೆ ಸೀರೆಯ ಸೆರಗು ಇರುವ ಫೋಟೊ ಒಳ್ಳೆಯದು. ಪ್ರತಿ ತುಂಡಿನಲ್ಲೂ ಹಿಡಿಯಲು ಏನಾದರೊಂದು ಸಿಗುತ್ತದೆ. ಸುಣ್ಣ ಬಳಿದ ಗೋಡೆಯಲ್ಲಿ ಅದು ಸಿಗದು. ಮುಕ್ಕಾಲು ಪಾಲು ಆಕಾಶವೇ ಇರುವ ಸಮುದ್ರ ತೀರದ ಸೆಲ್ಫಿಯನ್ನೇ ಕೊಡುತ್ತೇನೆ ಎನ್ನುವವರು ಮೊದಲ ಸಲಕ್ಕೆ 48 ತುಂಡಿಗೆ ನಿಲ್ಲಿಸುವುದು ಕ್ಷೇಮ.