ಹುಟ್ಟುವ ಮೊದಲೇ ಮಲೇರಿಯಾ ಕಂಡ ಮಗು

ಪೂರ್ವ ಉಗಾಂಡಾದ ಟೊರೊರೊದಲ್ಲಿ 300 ಗರ್ಭಿಣಿಯರನ್ನು ಸೇರಿಸಿಕೊಂಡು ನಡೆದ ಒಂದು ಔಷಧ ಪರೀಕ್ಷೆಯ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಅವರಲ್ಲಿ ಒಂದು ಗುಂಪಿಗೆ ಕೊಟ್ಟದ್ದು ವಿಶ್ವ ಆರೋಗ್ಯ ಸಂಸ್ಥೆ ಗರ್ಭಿಣಿಯರಿಗೆಂದೇ ಶಿಫಾರಸು ಮಾಡಿರುವ ಸಲ್ಫಡಾಕ್ಸಿನ್–ಪೈರಿಮೆಥಮಿನ್ ಮಾತ್ರೆ. ಹೆರಿಗೆಯಾದ ಮೇಲೆ ಮಾಸಿನ ತುಣುಕುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಆ ಗುಂಪಿನ ಅರ್ಧದಷ್ಟು ತಾಯಂದಿರಲ್ಲಿ ಮಲೇರಿಯಾದ ಗುರುತು ಸಿಕ್ಕಿತು. ಮಾತ್ರೆ ನುಂಗದವರ ಲೆಕ್ಕವಲ್ಲ ಇದು, ನುಂಗಿದವರದು. ತಿಂಗಳಿಗೊಮ್ಮೆ ಡೈಹೈಡ್ರೊಆರ್ಟೆಮಿಸಿನಿನ್–ಪಿಪೆರಾಕ್ವಿನ್ ಪಡೆದ ಇನ್ನೊಂದು ಗುಂಪಿನಲ್ಲಿ ಈ ಪ್ರಮಾಣ ಶೇ 27ಕ್ಕೆ ಇಳಿದಿತ್ತು. ಹಳೆಯ ಮಾತ್ರೆಯ ಬಲ ಪೂರ್ವ ಆಫ್ರಿಕಾದಲ್ಲಿ ಕುಗ್ಗಿದೆ ಎಂಬುದಕ್ಕೆ ಇಷ್ಟು ಸಾಕು. ಅದರ ಬೆಲೆ ತೆರುವವರು ಯಾರು ಎಂಬ ಪ್ರಶ್ನೆಗೆ ಮಾತ್ರ ನಾವು ಇನ್ನೂ ಅರ್ಧ ಉತ್ತರವನ್ನೇ ಹೇಳಿಕೊಳ್ಳುತ್ತಿದ್ದೇವೆ. ತಾಯಿಯ ರಕ್ತಹೀನತೆ, ದಿನ ತುಂಬದ ಹೆರಿಗೆ, ಕಡಿಮೆ ತೂಕದ ಕೂಸು, ಇವೆಲ್ಲ ದಾಖಲೆಗೆ ಬರುತ್ತವೆ. ಒಳ್ಳೆಯ ತೂಕದೊಂದಿಗೆ ಹುಟ್ಟಿ, ಅತ್ತು, ಹಾಲು ಕುಡಿದು ಮನೆಗೆ ಹೋದ ಕೂಸಿನ ರೋಗನಿರೋಧಕ ವ್ಯವಸ್ಥೆಗೆ ಏನಾಗಿದೆ ಎಂದು ಯಾವ ಹೆರಿಗೆ ವಾರ್ಡೂ ಬರೆದುಕೊಳ್ಳುವುದಿಲ್ಲ.

ಫಾಲ್ಸಿಪಾರಂ ಜಾತಿಯ ಪರಾವಲಂಬಿ ಹೊಕ್ಕ ಕೆಂಪು ರಕ್ತಕಣ ಹಾಗೇ ಹರಿಯುತ್ತಿದ್ದರೆ ಗುಲ್ಮ ಅದನ್ನು ಹಿಡಿದು ಹಾಕುತ್ತದೆ. ಅದರಿಂದ ತಪ್ಪಿಸಿಕೊಳ್ಳಲು ಪರಾವಲಂಬಿಯು ಕಣದ ಮೇಲ್ಮೈಗೆ ಅಂಟುವ ಪ್ರೋಟೀನು ತಂದು ನಿಲ್ಲಿಸಿ ರಕ್ತನಾಳದ ಗೋಡೆಗೆ ಕಚ್ಚಿಕೊಳ್ಳುತ್ತದೆ. ಗರ್ಭಿಣಿಯಲ್ಲಿ ಅದಕ್ಕೊಂದು ಹೊಸ ತಾಣ ಸಿಗುತ್ತದೆ. ಮಾಸಿನಲ್ಲಿರುವ ಕಾಂಡ್ರಾಯ್ಟಿನ್ ಸಲ್ಫೇಟ್ ‘ಎ’ಗೆ ಈ ಕಣಗಳು ಅಂಟುತ್ತವೆ ಎಂದು ಸಂಶೋಧಕರಾದ ಮಿಖಾಲ್ ಫ್ರೀಡ್ ಮತ್ತು ಪ್ಯಾಟ್ರಿಕ್ ಡಫಿ 1996ರಲ್ಲಿ ತೋರಿಸಿದರು. ಹಾಗೆ ಅಂಟಿಸುವ ಪ್ರೋಟೀನು ‘ವಾರ್2ಸಿಎಸ್‌ಎ’ ಎಂಬುದು ಕೆಲವು ವರ್ಷಗಳ ಬಳಿಕ ಗೊತ್ತಾಯಿತು. ಬಾಲ್ಯದಿಂದ ಹತ್ತಾರು ಸಲ ಮಲೇರಿಯಾ ಬಂದು ಗಟ್ಟಿಯಾದ ಹೆಣ್ಣುಮಗಳ ದೇಹವೂ ಈ ಪ್ರೋಟೀನನ್ನು ಮೊದಲ ಬಾರಿ ಎದುರಿಸುವುದು ಬಸುರಿಯಾದಾಗಲೇ. ಹಾಗಾಗಿ ಚೊಚ್ಚಲ ಬಸಿರಿಗೆ ಹೊಡೆತ ಹೆಚ್ಚು. ಎರಡನೆಯ, ಮೂರನೆಯ ಬಸಿರಿನ ಹೊತ್ತಿಗೆ ಪ್ರತಿಕಾಯಗಳು ಬೆಳೆದಿರುತ್ತವೆ. ಮಲೇರಿಯಾ ದಟ್ಟವಾಗಿರುವ ಊರುಗಳಲ್ಲಿ ಇಂಥ ಎಷ್ಟೋ ತಾಯಂದಿರಿಗೆ ಜ್ವರವೇ ಬರುವುದಿಲ್ಲ. ಮಾಸಿನಲ್ಲಿ ಪರಾವಲಂಬಿಗಳು ವಾರಗಟ್ಟಲೆ ಕೂತಿರುತ್ತವೆ, ಬೆರಳು ಚುಚ್ಚಿ ಮಾಡುವ ಪರೀಕ್ಷೆಗೂ ಹಲವೊಮ್ಮೆ ಸಿಗುವುದಿಲ್ಲ.

ಈ ಇಡೀ ಅವಧಿಯಲ್ಲಿ ಪರಾವಲಂಬಿಯ ಚೂರುಗಳು ಭ್ರೂಣದ ರಕ್ತಕ್ಕೆ ದಾಟುತ್ತಿರುತ್ತವೆ. ರೋಗನಿರೋಧಕ ವ್ಯವಸ್ಥೆಯ ಭಾಗವಾದ ಟಿ ಕೋಶಗಳು ಭ್ರೂಣದಲ್ಲಿ ಏನೂ ಅರಿಯದೆ ಮಲಗಿರುತ್ತವೆ ಎಂದು ಹಿಂದೆ ನಂಬಿದ್ದರು. ಹಾಗಿಲ್ಲ. ತಾಯಿಯ ಜೀವಕೋಶಗಳು ಭ್ರೂಣದೊಳಕ್ಕೆ ಹೋಗುತ್ತವೆ, ಅವುಗಳ ಮೇಲೆ ಏರಿಹೋಗದಂತೆ ತಡೆಯುವ ನಿಯಂತ್ರಕ ಟಿ ಕೋಶಗಳನ್ನು ಭ್ರೂಣ ತಾನೇ ಬೆಳೆಸಿಕೊಳ್ಳುತ್ತದೆ ಎಂದು ಕ್ಯಾಲಿಫೋರ್ನಿಯಾದ ಸಂಶೋಧಕರು 2008ರಲ್ಲಿ ವರದಿ ಮಾಡಿದರು. ಗರ್ಭದೊಳಗೆ ಕಂಡದ್ದನ್ನು ‘ನಮ್ಮದೇ’ ಎಂದು ಸಹಿಸುವುದು ಭ್ರೂಣದ ಉಳಿವಿಗೆ ಬೇಕಾದ ಗುಣ. ಮಲೇರಿಯಾ ಅದೇ ಹೊತ್ತಿಗೆ ಬಂದು ಎದುರು ನಿಂತರೆ?

ಕೀನ್ಯಾದ ಕರಾವಳಿಯಲ್ಲಿ ಮಕ್ಕಳನ್ನು ಹುಟ್ಟಿನಿಂದ ಹಿಂಬಾಲಿಸಿದ ಅಧ್ಯಯನವೊಂದು 2009ರಲ್ಲಿ ಇದಕ್ಕೆ ಉತ್ತರ ಕೊಟ್ಟಿತು. ತಾಯಿಗೆ ಸೋಂಕಿತ್ತು, ಆದರೆ ಹೊಕ್ಕುಳಬಳ್ಳಿಯ ರಕ್ತದ ಟಿ ಕೋಶಗಳು ಮಲೇರಿಯಾ ಪ್ರೋಟೀನಿಗೆ ಪ್ರತಿಕ್ರಿಯೆ ತೋರಲಿಲ್ಲ, ಅಂಥ ಕೂಸುಗಳದೇ ಒಂದು ಗುಂಪು. ಮುಂದಿನ ವರ್ಷಗಳಲ್ಲಿ ಅವಕ್ಕೆ ಮಲೇರಿಯಾ ಸೋಂಕು ತಗಲುವ ಸಂಭವ ಉಳಿದವರಿಗಿಂತ ಸುಮಾರು ಶೇ 60ರಷ್ಟು ಹೆಚ್ಚಿತ್ತು. ಪ್ರತಿರೋಧವನ್ನು ತಣ್ಣಗಾಗಿಸುವ ಇಂಟರ್‌ಲ್ಯೂಕಿನ್–10 ಕೂಡ ಅವುಗಳಲ್ಲಿ ಹೆಚ್ಚಾಗಿ ಕಂಡಿತು. ಟಾಂಜಾನಿಯಾದ ಮುಹೆಜಾದಿಂದ 2005ರಲ್ಲಿ ಬಂದ ವರದಿ ನನ್ನ ಮಟ್ಟಿಗೆ ಇನ್ನೂ ಕಳವಳದ್ದು. ಮಾಸಿಗೆ ಸೋಂಕು ತಗಲಿದಾಗ ಹೆಚ್ಚು ಅಪಾಯಕ್ಕೆ ಸಿಕ್ಕಿದ್ದು ಹಲವು ಸಲ ಹೆತ್ತ ತಾಯಂದಿರ ಮಕ್ಕಳು. ತಾಯಿ ತಾನು ಗಟ್ಟಿಯಾಗಿದ್ದಾಳೆ, ಕೂಸಿಗೆ ಆ ಗಟ್ಟಿತನ ದಕ್ಕಿಲ್ಲ.

ಎಲ್ಲ ಸಾಕ್ಷ್ಯವೂ ಒಂದೇ ಕಡೆಗೆ ವಾಲುತ್ತದೆ ಎಂದರೆ ಸುಳ್ಳಾಗುತ್ತದೆ. ಸಂಶೋಧಕಿ ಮಾರ್ಗರೆಟ್ ಫೀನಿಯವರ ತಂಡ ಉಗಾಂಡಾದ ನವಜಾತರಲ್ಲಿ ಬೇರೆಯದೇ ಚಿತ್ರ ಕಂಡಿತು. 2018ರಲ್ಲಿ ಅವರು ಪ್ರಕಟಿಸಿದ ಪ್ರಬಂಧದ ಪ್ರಕಾರ, ಗರ್ಭದಲ್ಲೇ ಮಲೇರಿಯಾ ಎದುರಿಸಿದ ಕೆಲವು ಕೂಸುಗಳ ಟಿ ಕೋಶಗಳು ಸುಮ್ಮನಾಗುವ ಬದಲು ಚುರುಕಾಗಿದ್ದವು. ಪರಾವಲಂಬಿಯನ್ನು ಕಂಡೊಡನೆ ಚೆನ್ನಾಗಿ ವೃದ್ಧಿಯಾದ ಕೋಶಗಳಿದ್ದ ಮಕ್ಕಳಿಗೆ ಮುಂದೆ ಮಲೇರಿಯಾ ಕಡಿಮೆಯೇ ಬಂತು. ಯಾವ ತಿಂಗಳಲ್ಲಿ ಸೋಂಕು ತಗಲಿತು, ಎಷ್ಟು ಕಾಲ ಉಳಿಯಿತು ಎಂಬುದರ ಮೇಲೆ ಕೂಸಿನ ದಾರಿ ಕವಲೊಡೆಯುತ್ತದೆ ಎಂಬುದು ಇದೇ ತಂಡದ ಹಿಂದಿನ ಕೆಲಸದಿಂದಲೂ ಬರುವ ಸೂಚನೆ. ಇದನ್ನು ಓದಿ ‘ಹಾಗಾದರೆ ಸ್ವಲ್ಪ ಮಲೇರಿಯಾ ಒಳ್ಳೆಯದೇ’ ಎನ್ನುವವರೂ ಇದ್ದಾರೆ. ಮಾಸು ಹಾಳಾಗಿ ಸತ್ತು ಹುಟ್ಟಿದ ಮಗುವಿಗೆ ಚುರುಕು ಟಿ ಕೋಶ ಏತಕ್ಕೆ?

ಪ್ರತಿಕಾಯಗಳ ವಿಷಯದಲ್ಲಿ ಗೊಂದಲ ಕಡಿಮೆ. ಕೊನೆಯ ಮೂರು ತಿಂಗಳಲ್ಲಿ ತಾಯಿ ತನ್ನ ಪ್ರತಿಕಾಯಗಳನ್ನು ಮಾಸಿನ ಮೂಲಕ ಮಗುವಿಗೆ ಧಾರೆಯೆರೆಯುತ್ತಾಳೆ. ಪದೇ ಪದೇ ಸೋಂಕಾದವಳ ರಕ್ತದಲ್ಲಿ ಪ್ರತಿಕಾಯಗಳ ಒಟ್ಟು ಮೊತ್ತವೇ ವಿಪರೀತ ಏರಿರುತ್ತದೆ. ಅವನ್ನು ದಾಟಿಸುವ ಗ್ರಾಹಕಗಳಿಗೆ ಮಿತಿಯಿದೆ. ಹೀಗಾಗಿ ಬೇಕಾದವು ಹಿಂದೆ ಉಳಿಯುತ್ತವೆ. ಸೋಂಕಿನಿಂದ ಮಾಸು ಘಾಸಿಗೊಂಡಿದ್ದರಂತೂ ದಾರಿಯೇ ಕಿರಿದು. ಗ್ಯಾಂಬಿಯಾದ ಅಧ್ಯಯನಗಳಲ್ಲಿ ದಡಾರದ ವಿರುದ್ಧದ ಪ್ರತಿಕಾಯಗಳೂ ಕಡಿಮೆ ದಾಟಿದ್ದು ಕಂಡುಬಂದಿದೆ. ದಡಾರದ ಮೊದಲ ಲಸಿಕೆ ಬರುವುದು ಒಂಬತ್ತು ತಿಂಗಳಿಗೆ. ಅಲ್ಲಿಯವರೆಗೆ ಆ ಕೂಸನ್ನು ಕಾಯಬೇಕಾದ್ದು ಅಮ್ಮನ ಪಾಲೇ.

ಈಗ ಮುಂದಿನ ವರ್ಷಗಳನ್ನು ನೋಡಿ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ, 2023ರಲ್ಲಿ ಆಫ್ರಿಕಾದ ಮಲೇರಿಯಾಪೀಡಿತ ದೇಶಗಳಲ್ಲಿ 3.6 ಕೋಟಿ ಬಸಿರುಗಳಲ್ಲಿ 1.24 ಕೋಟಿಗೆ ಸೋಂಕು ತಗಲಿತ್ತು. ಕನಿಷ್ಠ ಮೂರು ಸಲ ತಡೆಮಾತ್ರೆ ಪಡೆದವರು ಶೇ 44 ಮಾತ್ರ. ಆ ಮಾತ್ರೆಗೆ ಪರಾವಲಂಬಿ ಜಗ್ಗದಿರುವುದನ್ನು ಟೊರೊರೊದಲ್ಲೇ ಕಂಡೆವು. ಚಿಕಿತ್ಸೆಯ ಬೆನ್ನೆಲುಬಾದ ಆರ್ಟೆಮಿಸಿನಿನ್‌ಗೂ ಭಾಗಶಃ ನಿರೋಧ ರುವಾಂಡಾ, ಉಗಾಂಡಾ, ಟಾಂಜಾನಿಯಾ, ಎರಿಟ್ರಿಯಾಗಳಲ್ಲಿ ದೃಢಪಟ್ಟಿದೆ. ಸೊಳ್ಳೆಪರದೆ, ಮಾತ್ರೆಗಳಿಗೆ ದೊಡ್ಡ ಪಾಲು ಕೊಡುತ್ತಿದ್ದ ಅಮೆರಿಕ 2025ರ ಜನವರಿಯಲ್ಲಿ ವಿದೇಶಿ ನೆರವನ್ನೇ ತಡೆಹಿಡಿಯಿತು.

ಇದರ ಮೇಲೆ ನಮ್ಮ ಕಡೆಯ ಒಂದು ಸೊಳ್ಳೆ ಆಫ್ರಿಕಾಕ್ಕೆ ತಲುಪಿದೆ. ಅನಾಫಿಲಿಸ್ ಸ್ಟೀಫೆನ್ಸೈ ಮಂಗಳೂರು, ಬೆಂಗಳೂರಿನ ಓವರ್‌ಹೆಡ್ ಟ್ಯಾಂಕು, ಸಂಪು, ಕಟ್ಟಡ ಕೆಲಸದ ಜಾಗದ ನೀರಲ್ಲಿ ಬೆಳೆಯುವ ಸೊಳ್ಳೆ. (ಮಂಗಳೂರಿನಲ್ಲಿ ಅದು ಹೆಚ್ಚಾಗಿ ಹರಡುವುದು ವೈವಾಕ್ಸ್ ಜಾತಿಯ ಪರಾವಲಂಬಿಯನ್ನು, ಹಾಗಾಗಿ ಮಾಸಿನ ಈ ಕಥೆ ಅಲ್ಲಿ ಇಷ್ಟು ಘೋರವಾಗಿಲ್ಲ.) 2012ರಲ್ಲಿ ಜಿಬೂಟಿಯಲ್ಲಿ ಪತ್ತೆಯಾದಾಗ ಆ ದೇಶದ ಮಲೇರಿಯಾ ಪ್ರಕರಣಗಳು 27; 2020ರ ಹೊತ್ತಿಗೆ 73,000 ದಾಟಿದವು. ಇಥಿಯೋಪಿಯಾದ ಡಿರೆ ಡಾವಾ ನಗರದ 2022ರ ಮಲೇರಿಯಾ ಉಲ್ಬಣಕ್ಕೂ ಇದೇ ಸೊಳ್ಳೆಯ ನಂಟು. ಆಫ್ರಿಕಾದ ನಗರವಾಸಿ ಹೆಣ್ಣುಮಕ್ಕಳಲ್ಲಿ ಅನೇಕರಿಗೆ ಹಳ್ಳಿಯವರಂತೆ ಬಾಲ್ಯದ ಮಲೇರಿಯಾ ಇಲ್ಲ, ಪ್ರತಿಕಾಯಗಳೂ ಇಲ್ಲ. ಅಲ್ಲಿ ಚೊಚ್ಚಲು, ನಂತರದ್ದು ಎಂಬ ಭೇದವೇ ಉಳಿಯದು, ಎಲ್ಲ ಬಸಿರೂ ಚೊಚ್ಚಲಿನಷ್ಟೇ ಬರಿಗೈ.

ಮಾತ್ರೆ ಬದಲಿಸಿದರಾಯಿತಲ್ಲ ಎಂದರೆ ಅದೂ ಸುಲಭವಿಲ್ಲ. ಕೀನ್ಯಾ, ಮಲಾವಿ, ಟಾಂಜಾನಿಯಾಗಳ 4,600ಕ್ಕೂ ಹೆಚ್ಚು ಗರ್ಭಿಣಿಯರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಹೊಸ ಮಾತ್ರೆಯಾದ ಡೈಹೈಡ್ರೊಆರ್ಟೆಮಿಸಿನಿನ್–ಪಿಪೆರಾಕ್ವಿನ್ ಮಲೇರಿಯಾವನ್ನು ಹೆಚ್ಚು ತಡೆಯಿತು, ಆದರೆ ಹಳೆಯದನ್ನು ನುಂಗಿದ ತಾಯಂದಿರ ಮಕ್ಕಳ ತೂಕವೇ ಹೆಚ್ಚಿತ್ತು. ಹಳೆಯ ಮಾತ್ರೆಗೆ ಮಲೇರಿಯಾದಾಚೆಗೂ ಏನೋ ಗುಣವಿದೆ. ಹೀಗಾಗಿ ಹಳೆಯದನ್ನೇ ಮುಂದುವರಿಸಬೇಕೆಂಬ ವಾದ ಬಲಗೊಂಡಿದೆ. ತಕ್ಕಡಿಯಲ್ಲಿ ಕಾಣುವ ತೂಕವೊಂದೇ ಅಳತೆಯಾದರೆ ಆ ವಾದ ಸರಿ. ಹೊಕ್ಕುಳಬಳ್ಳಿಯ ರಕ್ತವನ್ನೂ ಮಗುವಿನ ಮೊದಲ ಎರಡು ವರ್ಷಗಳ ಜ್ವರಗಳನ್ನೂ ಲೆಕ್ಕಕ್ಕೆ ಹಿಡಿಯದೆ ಈ ತೀರ್ಮಾನಕ್ಕೆ ಬರುವುದು ಅವಸರ ಎಂದೇ ನನ್ನ ಅಭಿಪ್ರಾಯ.

ವಾರ್2ಸಿಎಸ್‌ಎ ವಿರುದ್ಧದ ಎರಡು ಲಸಿಕೆಗಳು ಮನುಷ್ಯರ ಮೇಲಿನ ಮೊದಲ ಹಂತದ ಪರೀಕ್ಷೆ ಮುಗಿಸಿವೆ, ಆಸ್ಪತ್ರೆಗೆ ಬಂದಿಲ್ಲ. ಮಕ್ಕಳ ಮಲೇರಿಯಾ ಲಸಿಕೆ ಬಂದಿದೆ. ಪುಣೆಯಲ್ಲಿ ತಯಾರಾಗುವ ಆರ್21ಕ್ಕೆ 2023ರ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು ಸಿಕ್ಕಿತು. ಅದರ ಮೊದಲ ಡೋಸು ಐದನೆಯ ತಿಂಗಳಿಗೆ, ಮೂರನೆಯದು ಏಳರ ಸುಮಾರಿಗೆ. ಮಾಸಿಗೆ ಸೋಂಕು ತಗಲಿದ್ದ ತಾಯಂದಿರ ಕೂಸುಗಳನ್ನು ಕ್ಯಾಮರೂನಿನಲ್ಲಿ ಹಿಂಬಾಲಿಸಿ 1997ರಲ್ಲಿ ಬರೆದ ಪ್ರಬಂಧದಲ್ಲಿ, ಅವಕ್ಕೆ ಉಳಿದ ಕೂಸುಗಳಿಗಿಂತ ಹೆಚ್ಚಾಗಿ ಮಲೇರಿಯಾ ತಗಲಿದ್ದು ನಾಲ್ಕರಿಂದ ಆರನೆಯ ತಿಂಗಳ ನಡುವೆ.